ಡಿಎನ್‌ಎ ಓದಿದ ಮೇಲೂ ಫಂಗಸ್‌ನ ಪ್ರೊಟೀನ್ ಯಾಕೆ ನೋಡಬೇಕು?

ಮಂಗಳೂರು, ಉಡುಪಿ ಕಡೆಯ ಬಯೋಟೆಕ್ ವಿದ್ಯಾರ್ಥಿಗಳು ಮತ್ತೆ ಮತ್ತೆ ಕೇಳುವುದು ಇದನ್ನೇ: ರೋಗ ತರುವ ಫಂಗಸ್‌ನ ಜೀನೋಮ್ ಪೂರ್ತಿ ಕೈಯಲ್ಲಿರುವಾಗ ಪ್ರೊಟೀನಿಗಾಗಿ ಇಷ್ಟು ಕಷ್ಟ ಯಾಕೆ?

ಜೀನ್ ಇದ್ದ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎಂದಲ್ಲ. ಮಳೆಗಾಲದ ಸೆಕೆ, ಒದ್ದೆ ಬಟ್ಟೆಯ ನಡುವೆ ಇಲ್ಲಿ ಮನೆಮನೆಯಲ್ಲೂ ಕಾಡುವ ಹುಳುಕಡ್ಡಿಯನ್ನೇ ನೋಡಿ. ಅದನ್ನು ತರುವ ಟ್ರೈಕೋಫೈಟಾನ್ ಚರ್ಮ, ಕೂದಲು, ಉಗುರಿನ ಕೆರಾಟಿನ್ ತಿಂದು ಬದುಕುತ್ತದೆ. ಕೆರಾಟಿನ್ ಕತ್ತರಿಸುವ ಸಬ್ಟಿಲಿಸಿನ್ ಕಿಣ್ವಗಳ ಹಲವು ಜೀನ್‌ಗಳು ಅದರಲ್ಲಿವೆ. ಫ್ಲಾಸ್ಕಿನಲ್ಲಿ ಕೆರಾಟಿನ್ ಹಾಕಿ ಬೆಳೆಸಿದರೆ ಮುಖ್ಯವಾಗಿ ಸಬ್3, ಸಬ್4 ಹೊರಬರುತ್ತವೆ. ಸೋಂಕು ತಗುಲಿದ ಉಗುರಿನಲ್ಲಿ ಎದ್ದು ಕಾಣುವುದು ಸಬ್6. ಎರಡೂ ಕಡೆ ಜೀನೋಮ್ ಒಂದೇ. ಈ ವ್ಯತ್ಯಾಸ ಜೀನೋಮ್ ಮಾತ್ರ ನೋಡಿದರೆ ತಿಳಿಯುವುದಿಲ್ಲ.

ಪ್ರೊಟೀನ್ ತುಣುಕುಗಳನ್ನು ತೂಗಿ ಗುರುತಿಸುವ ಮೆಷಿನ್ ಮಾಸ್ ಸ್ಪೆಕ್ಟ್ರೋಮೀಟರ್. ಕೆಲಸ ಕೆಡುವುದು ಹೆಚ್ಚಾಗಿ ಆ ಮೆಷಿನ್ನಿನಲ್ಲಲ್ಲ, ಅದಕ್ಕೂ ಮೊದಲು. ಫಂಗಸ್‌ನ ಗೋಡೆ ಕೈಟಿನ್, ಗ್ಲೂಕನ್‌ಗಳಿಂದ ಗಟ್ಟಿಯಾಗಿರುತ್ತದೆ. ಬಫರ್ ಸುರಿದು ಅಲುಗಾಡಿಸಿದರೆ ಸಾಲದು. ದ್ರವ ಸಾರಜನಕ ಹಾಕುತ್ತಾ ಒರಳಿನಲ್ಲಿ ನುಣ್ಣಗೆ ಹಿಟ್ಟಾಗುವಷ್ಟು ಅರೆಯಬೇಕು. ಒಡೆದ ಕ್ಷಣವೇ ಅದರದ್ದೇ ಪ್ರೋಟಿಯೇಸ್‌ಗಳು (ಪ್ರೊಟೀನ್ ಕತ್ತರಿಸುವ ಕಿಣ್ವಗಳು) ಉಳಿದ ಪ್ರೊಟೀನನ್ನು ತಿನ್ನತೊಡಗುತ್ತವೆ. ಆದ್ದರಿಂದ ಅವುಗಳನ್ನು ತಡೆಯುವ ರಾಸಾಯನಿಕ ಬಫರಿನಲ್ಲಿ ಮೊದಲೇ ಇರಲಿ. ಆ ರಾಸಾಯನಿಕ ಪಿಎಂಎಸ್‌ಎಫ್ ಆದರೆ ನೀರಿನಲ್ಲಿ ಬೇಗ ಹಾಳಾಗುತ್ತದೆ, ಬಳಸುವ ಹೊತ್ತಿಗೇ ಬೆರೆಸಿ.

ನಂತರ 10% ಟಿಸಿಎ (ಟ್ರೈಕ್ಲೋರೋಅಸಿಟಿಕ್ ಆಮ್ಲ) ಹಾಕಿ ಪ್ರೊಟೀನನ್ನು ತಳಕ್ಕೆ ಇಳಿಸಿ, ತಣ್ಣನೆಯ ಅಸಿಟೋನಿನಲ್ಲಿ ಬಣ್ಣ ಹೋಗುವವರೆಗೆ ತೊಳೆಯಿರಿ. ತಳದ ಗಸಿಯನ್ನು ಪೂರಾ ಒಣಗಿಸಬೇಡಿ, ಮತ್ತೆ ಕರಗುವುದಿಲ್ಲ. 8 ಮೋಲಾರ್ ಯೂರಿಯಾದಲ್ಲಿ ಕರಗಿಸಿದ ಮೇಲೆ 37 ಡಿಗ್ರಿ ಸೆಲ್ಸಿಯಸ್ ದಾಟಿಸಬಾರದು. ದಾಟಿದರೆ ಯೂರಿಯಾ ಒಡೆದು ಲೈಸಿನ್‌ಗೆ ಅಂಟಿಕೊಳ್ಳುತ್ತದೆ, ಪ್ರೊಟೀನನ್ನು ತುಣುಕು ಮಾಡಲು ಮುಂದೆ ಹಾಕುವ ಟ್ರಿಪ್ಸಿನ್ ಕಿಣ್ವ ಅಲ್ಲಿ ಕತ್ತರಿಸುವುದಿಲ್ಲ.

ಪ್ರೊಟೀನಿನೊಳಗಿನ ಗಂಧಕದ ಕೊಂಡಿ ಬಿಡಿಸಲು 10 ಮಿಲಿಮೋಲಾರ್ ಡಿಟಿಟಿಯಲ್ಲಿ ಒಂದು ಗಂಟೆ, ಅದು ಮತ್ತೆ ಕೂಡದಂತೆ ಅಯೋಡೋಅಸಿಟಮೈಡಿನಲ್ಲಿ ಕತ್ತಲೆಯಲ್ಲಿ ಅರ್ಧ ಗಂಟೆ ಇಡಿ. ಯೂರಿಯಾ 1 ಮೋಲಾರ್‌ಗೆ ಇಳಿಯುವಷ್ಟು ತೆಳುಮಾಡಿ, 50 ಮೈಕ್ರೋಗ್ರಾಂ ಪ್ರೊಟೀನಿಗೆ 1 ಮೈಕ್ರೋಗ್ರಾಂ ಟ್ರಿಪ್ಸಿನ್ ಹಾಕಿ ರಾತ್ರಿಯಿಡೀ 37 ಡಿಗ್ರಿಯಲ್ಲಿಡಿ. ನಮ್ಮ ಕರಾವಳಿಯಲ್ಲಿ ಇದೊಂದು ವಿಶೇಷ ಎಚ್ಚರಿಕೆ: ಫ್ರೀಜರಿನಿಂದ ತೆಗೆದ ರಾಸಾಯನಿಕ ಪುಡಿಯ ಬಾಟಲಿಯನ್ನು ತಕ್ಷಣ ತೆರೆದರೆ ಗಾಳಿಯ ತೇವ ಒಳಗೆ ನೀರಾಗಿ ಕೂರುತ್ತದೆ. ಜುಲೈ ತಿಂಗಳಲ್ಲಂತೂ ಬಾಟಲಿಯ ತಣುಪು ಪೂರ್ತಿ ಇಳಿಯುವವರೆಗೆ ಮುಚ್ಚಳ ಮುಟ್ಟಲೇಬಾರದು.

ಉಗುರಿನ ಮಾದರಿಯಲ್ಲಿ ಇನ್ನೊಂದು ತೊಡಕು. ಮನುಷ್ಯರ ಕೆರಾಟಿನ್ ರಾಶಿಯಲ್ಲಿ ಫಂಗಸ್‌ನ ಪ್ರೊಟೀನ್ ಮುಳುಗಿಹೋಗುತ್ತದೆ. ಮೆಷಿನ್ನಿನಲ್ಲಿ ಕಂಡ ತುಣುಕು ಯಾವ ಪ್ರೊಟೀನಿನದ್ದೆಂದು ಕಂಪ್ಯೂಟರಿನಲ್ಲಿ ಹುಡುಕುವಾಗ ಫಂಗಸ್‌ನ ಪ್ರೊಟೀನ್ ಡೇಟಾಬೇಸ್ ಮಾತ್ರ ಕೊಟ್ಟರೆ ಮನುಷ್ಯರ ತುಣುಕುಗಳೂ ಫಂಗಸ್‌ನ ಹೆಸರಿಗೆ ಬೀಳಬಹುದು. ಎರಡನ್ನೂ ಒಟ್ಟಿಗೆ ಕೊಡಿ. ಕ್ಯಾಂಡಿಡಾ ಆಲ್ಬಿಕನ್ಸ್ ಎಂಬ ಇನ್ನೊಂದು ಫಂಗಸ್ ಆದರೆ ಇನ್ನೂ ಹುಷಾರಾಗಿರಬೇಕು. ಅದು ಸಿಯುಜಿ ಕೋಡಾನನ್ನು (ಒಂದು ಅಮೈನೋ ಆಮ್ಲಕ್ಕೆ ಮೂರಕ್ಷರದ ಸಂಕೇತ) ಲ್ಯೂಸಿನ್ ಬದಲು ಸಾಮಾನ್ಯವಾಗಿ ಸೀರಿನ್ ಎಂದು ಓದುತ್ತದೆ. ಮಾಮೂಲಿ ಕೋಡಿನಲ್ಲಿ ಅನುವಾದಿಸಿದ ಡೇಟಾಬೇಸ್ ಇಟ್ಟುಕೊಂಡರೆ ಆ ಜಾಗದ ಪೆಪ್ಟೈಡ್‌ಗಳು (ಪ್ರೊಟೀನ್ ತುಣುಕುಗಳು) ಸಿಗುವುದೇ ಇಲ್ಲ.

ಹಾಗೆಂದು ಎಲ್ಲದಕ್ಕೂ ಪ್ರೊಟೀನೇ ಬೇಕೆಂದಿಲ್ಲ. ಟರ್ಬಿನಾಫಿನ್ ಮಾತ್ರೆಗೆ ಬಗ್ಗದ ಹುಳುಕಡ್ಡಿಯಲ್ಲಿ ಹಲವು ಸಲ ಕಾಣುವುದು ಆ ಔಷಧ ತಡೆಯುವ ಸ್ಕ್ವಾಲೀನ್ ಎಪಾಕ್ಸಿಡೇಸ್ ಕಿಣ್ವದ 397ನೇ ಸ್ಥಾನದ ಒಂದೇ ಬದಲಾವಣೆ. ಅದನ್ನು ಹಿಡಿಯಲು ಆ ಜೀನಿನ ತುಂಡನ್ನು ಪಿಸಿಆರ್ ಮಾಡಿ ಓದಿಸಿ, ಇಷ್ಟೆಲ್ಲ ಅರೆಯುವ ಅಗತ್ಯವಿಲ್ಲ.