ಅಪ್ಪ, ಮಗ ಇಬ್ಬರೂ ಫೇಲು

1996ರಲ್ಲಿ ನಾನು ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಫೇಲಾದೆ. 35 ಬೇಕಿತ್ತು, 28 ಬಂದಿತ್ತು. ಈಗ ದಾವಣಗೆರೆಯ ನಿಟುವಳ್ಳಿಯಲ್ಲಿ, ಮಹಡಿ ಮೇಲಿನ ಒಂದು ರೂಮಿನಲ್ಲಿ, ಫೇಲಾದ ಮಕ್ಕಳಿಗೆ ಅದೇ ಇಂಗ್ಲಿಷ್ ಹೇಳಿಕೊಡುತ್ತೇನೆ. ಕೆಳಗೆ ಮಿರ್ಚಿ-ಮಂಡಕ್ಕಿ ಅಂಗಡಿ. ಸಂಜೆ ಐದೂವರೆಗೆ ಎಣ್ಣೆ ಕಾದರೆ ಮುಗೀತು, ಮೇಲೆ ಯಾರ ತಲೆಗೂ ಗ್ರಾಮರ್ ಹತ್ತಲ್ಲ. ನನ್ನ ತಲೆಗೂ.

ಹೋದ ತಿಂಗಳು 'ಪ್ಲೀಸ್ ಕಮ್ ವಿತೌಟ್ ಫೇಲ್' ಅನ್ನೋದನ್ನು ಕನ್ನಡದಲ್ಲಿ ಬರೀರಿ ಅಂದೆ. ಹಿಂದಿನ ಬೆಂಚಿನವನು ಬರೆದದ್ದು ಹೀಗೆ: 'ದಯವಿಟ್ಟು ಫೇಲಾದವರನ್ನು ಬಿಟ್ಟು ಬನ್ನಿ.'

ಎಲ್ಲರೂ ನಕ್ಕರು. ಅವನಿಗೆ ಸಿಟ್ಟು ಬಂತು. 'ಮತ್ತಿನ್ನೇನ್ರಿ ಸರ್? ವಿತೌಟ್ ಅಂದ್ರೆ ಬಿಟ್ಟು. ಫೇಲ್ ಅಂದ್ರೆ ನಾವು.'

ಇದಕ್ಕೆ ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. 'ತಪ್ಪದೆ ಬನ್ನಿ ಅಂತ ಕಣೋ' ಅಂದು ಬೋರ್ಡಿನ ಕಡೆ ತಿರುಗಿದೆ. ಆದರೆ ಅವನ ಮಾತು ತಲೆಯಲ್ಲೇ ಉಳೀತು. ಫೇಲ್ ಅಂದ್ರೆ ನಾವು! ಕನ್ನಡದಲ್ಲಿ ನಾವು ಈ ಪದವನ್ನು ಹಾಗೇ ಇಟ್ಟುಕೊಂಡಿದ್ದೇವೆ. ಫೇಲು ಅನ್ನೋದು ಮಾಡುವ ಕೆಲಸ ಅಲ್ಲ, ಆಗುವ ವಸ್ತು. 'ಅವನು ಫೇಲು', 'ಫೇಲಾದೋನು', 'ಫೇಲಾಗಿಬಿಟ್ಟ'. ಅದಕ್ಕೇ ನಮ್ಮ ಹುಡುಗರು ಇಂಗ್ಲಿಷಿನಲ್ಲಿ ಬರೆಯುವಾಗಲೂ ಆ 'ಆಗು'ವನ್ನು ಬಿಡಲ್ಲ. 'ಹಿ ಬಿಕೇಮ್ ಫೇಲ್.' 'ಐ ಆಮ್ ಫೇಲ್.' ಸ್ವಲ್ಪ ಜಾಣರಾದರೆ 'ಹಿ ಗಾಟ್ ಫೇಲ್ಡ್.' ವರ್ಷಕ್ಕೆ ಇನ್ನೂರು ಸಲ ಕೆಂಪು ಪೆನ್ನಿನಲ್ಲಿ ಹೊಡೆದು ಹಾಕ್ತೀನಿ. ಇಂಗ್ಲಿಷಿನವರಿಗೆ ಇಂಥ ಕಡೆ ಅದು ಕ್ರಿಯಾಪದ. ಓಡಿದ, ಬಿದ್ದ, ತಿಂದ ಅನ್ನೋ ಹಾಗೆ 'ಹಿ ಫೇಲ್ಡ್', ಅಷ್ಟೇ. ಗಣಿತದಲ್ಲಿ ಆದರೆ 'ಹಿ ಫೇಲ್ಡ್ ಮ್ಯಾಥ್ಸ್'. ನಾವು ನಡುವೆ ಒಂದು 'ಇನ್' ತುರುಕ್ತೀವಿ. ಅದನ್ನು ನಾನು ಹೊಡೆಯೋಕೆ ಹೋಗಲ್ಲ, ಇಡೀ ದೇಶ ಹಾಗೇ ಹೇಳುತ್ತೆ.

ನಮ್ಮ ಹಳ್ಳಿ ಹುಡುಗರ ಮಾತು ಇದಕ್ಕಿಂತ ಚೆನ್ನಾಗಿತ್ತು. ಡುಮ್ಕಿ, ಪಲ್ಟಿ, ಗೋತಾ. ಎಲ್ಲವೂ ಹೊಡೆಯುವವೇ. ಡುಮ್ಕಿ ಹೊಡೆದ, ಪಲ್ಟಿ ಹೊಡೆದ. ಕೆರೆಗೆ ಹಾರಿದವನ ಹಾಗೆ. ಹಾರಿದವನು ಮೇಲೆ ಬರ್ತಾನೆ ಅಂತಲೂ ಅದರಲ್ಲೇ ಇದೆ. ಮೇಷ್ಟ್ರುಗಳು 'ನಪಾಸು' ಅಂತಿದ್ದರು. ಉರ್ದು ಕಡೆಯ 'ನಾ', ಇಂಗ್ಲಿಷಿನ 'ಪಾಸು', ಎರಡನ್ನೂ ಸೇರಿಸಿ ಹೊಲಿದ ತೇಪೆ. 'ಅನುತ್ತೀರ್ಣ' ಅನ್ನೋದನ್ನು ಮಾತ್ರ ಯಾರೂ ಬಾಯಲ್ಲಿ ಅಂದದ್ದು ನಾನು ಕೇಳಿಲ್ಲ. ಅದು ಕಾಗದದ ಮೇಲೆ ಹುಟ್ಟಿ ಅಲ್ಲೇ ಇರೋ ಪದ. 2020ರಲ್ಲಿ ಸಿಬಿಎಸ್‌ಇಯವರು ಫೇಲ್ ಅನ್ನೋದು ಬೇಡ, 'ಎಸೆನ್ಶಿಯಲ್ ರಿಪೀಟ್' ಅನ್ನೋಣ ಅಂದರು. ಒಳ್ಳೇದೇ. ಆದರೆ ಹುಡುಗರಿಗೆ 'ಏನ್ಲೇ ರಿಪೀಟು' ಅನ್ನೋಕೆ ಎಷ್ಟು ಹೊತ್ತು ಬೇಕು?

ನನ್ನ ಕಾಲಕ್ಕೆ ಫೇಲ್ ಅನ್ನೋದನ್ನು ಎಲ್ಲೂ ಬರೆದು ಅಂಟಿಸುತ್ತಿರಲಿಲ್ಲ. ಪಾಸಾದವರ ನಂಬರ್ ಮಾತ್ರ ಶಾಲೆಯ ನೋಟಿಸ್ ಬೋರ್ಡಿಗೆ ಹಾಕುತ್ತಿದ್ದರು. ನನ್ನ ಹಿಂದಿನ ನಂಬರ್ ಇತ್ತು, ಮುಂದಿನ ನಂಬರ್ ಇತ್ತು. ನಡುವೆ ಜಾಗ ಕೂಡ ಬಿಟ್ಟಿರಲಿಲ್ಲ, ಎರಡೂ ಒಂದಕ್ಕೊಂದು ಅಂಟಿಕೊಂಡು ಕೂತಿದ್ದವು. ನಾನು ಬೆರಳಿಟ್ಟು ಮೂರು ಸಲ ನೋಡಿದೆ. ಆಮೇಲೆ ನನ್ನ ಹಿಂದೆ ನಿಂತಿದ್ದವನು 'ಸರೀಲಾ, ನಾನು ನೋಡ್ಬೇಕು' ಅಂದ.

ನಮ್ಮೂರು ಹಿರಿಯೂರು ತಾಲ್ಲೂಕಿನಲ್ಲಿ. ಶೇಂಗಾ ಬೆಳೆಯೋ ಹೊಲ. ಅಪ್ಪ ಬ್ಯಾಂಕಿನಲ್ಲಿ ಸಾಲ ಮಾಡಿ ಬೋರ್ ಹಾಕಿಸಿದ್ದ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಪಾಯಿಂಟ್ ನೋಡುವವನು ಬಂದ. ಹೊಲದ ಮೂಲೆಯಲ್ಲಿ ಕಾಯಿ ಎದ್ದು ನಿಂತಿತು. ತಮಿಳುನಾಡಿನ ತಿರುಚೆಂಗೋಡಿನ ರಿಗ್ ಲಾರಿ ಬಂತು. ರಾತ್ರಿಯಿಡೀ ಕೊರೆದರು. ನಾವೆಲ್ಲ ಬದುವಿನ ಮೇಲೆ ಕಂಬಳಿ ಹೊದ್ದು ಕೂತಿದ್ದೆವು. 280 ಅಡಿವರೆಗೂ ಬರೀ ಧೂಳು. ಬಿಳೀ ಹಿಟ್ಟಿನಂಥ ಕಲ್ಲಿನ ಧೂಳು, ಬೆಳಗಾಗೋ ಹೊತ್ತಿಗೆ ಅಪ್ಪನ ಹುಬ್ಬು, ಮೀಸೆ ಎಲ್ಲ ಬೆಳ್ಳಗಾಗಿತ್ತು. ರಿಗ್ಗಿನವನು ಮೆಷಿನ್ ನಿಲ್ಲಿಸಿ, ತನಗೆ ಬರುತ್ತಿದ್ದ ನಾಲ್ಕೇ ಕನ್ನಡ ಪದದಲ್ಲಿ ಎರಡನ್ನು ಹೇಳಿದ: 'ಬೋರ್ ಫೇಲು.'

ಹಾಗಾಗಿ ನಮ್ಮ ಮನೆಯಲ್ಲಿ ಆ ಪದ ನನ್ನ ಪರೀಕ್ಷೆಗಿಂತ ಮೊದಲೇ ಬಳಕೆಯಲ್ಲಿತ್ತು.

ನನ್ನ ರಿಸಲ್ಟ್ ಬಂದ ಒಂದೂವರೆ ತಿಂಗಳಿಗೆ ಬ್ಯಾಂಕಿನ ನೋಟಿಸು ಬಂತು. ಪೂರ್ತಿ ಇಂಗ್ಲಿಷಿನಲ್ಲಿ. ಅಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ ನನ್ನ ಕೈಗೆ ಕೊಟ್ಟ. ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದವನು ನಾನೊಬ್ಬನೇ. 28 ನಂಬರಿನಷ್ಟು.

'ಏನಂತೆ ಓದ್ಲಾ.'

ಓದಿದೆ. 'ಯು ಹ್ಯಾವ್ ಫೇಲ್ಡ್ ಟು ರೀಪೇ...' ಅಲ್ಲಿಗೆ ನಿಂತೆ.

'ಏನೈತೆ?'

'ಫೇಲ್ ಅಂತ ಐತಪ್ಪ.'

'ಯಾರು?'

'ನೀನು.'

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ನಗೋಕೆ ಶುರು ಮಾಡಿದ. ಒಳಗಿಂದ ಅವ್ವ 'ಏನಾತು?' ಅಂದಳು. 'ನಮ್ಮಿಬ್ರದೂ ರಿಸಲ್ಟ್ ಬಂತು ಕಣೆ' ಅಂದ ಅಪ್ಪ.

ನಗು ಮುಗಿದ ಮೇಲೆ ಕೇಳಿದ ಮಾತು ಮಾತ್ರ ನಾನು ಮರೆತಿಲ್ಲ. 'ಬೋರ್ ಫೇಲಾತು, ಸರಿ. ಮಳೆ ಹೋತು, ಶೇಂಗಾ ಫೇಲಾತು, ಅದೂ ಸರಿ. ಇದ್ರಾಗೆ ನಾನೆಲ್ಲಿ ಫೇಲಾದೆ?'

ಆಗ ನನಗೆ ಉತ್ತರ ಗೊತ್ತಿರಲಿಲ್ಲ. ಮೇಷ್ಟ್ರಾದ ಮೇಲೆ ಗೊತ್ತಾಯ್ತು, ಅದು 'ಟು' ಮಾಡಿದ ಕೆಲಸ. ಫೇಲ್ ಮುಂದೆ 'ಟು' ಬಂದರೆ ಅರ್ಥವೇ ಬೇರೆ ಕಡೆ ತಿರುಗುತ್ತೆ. 'ಯು ಡಿಡ್ ನಾಟ್ ರೀಪೇ' ಅಂದರೆ ನೀನು ಸಾಲ ಕಟ್ಟಿಲ್ಲ, ಅಷ್ಟೇ ಸಂಗತಿ. 'ಯು ಫೇಲ್ಡ್ ಟು ರೀಪೇ' ಅಂದರೆ ಕಟ್ಟಬೇಕಾಗಿತ್ತು, ನಾವು ಕಾದಿದ್ದೆವು, ನೀನು ಕಟ್ಟಲಿಲ್ಲ. ಯಾಕೆ ಕಟ್ಟಲಿಲ್ಲ ಅನ್ನೋ ಪ್ರಶ್ನೆಗೆ ಆ ವಾಕ್ಯದಲ್ಲಿ ಜಾಗವೇ ಇಲ್ಲ. ಪ್ರಯತ್ನಪಟ್ಟು ಸೋತನೋ, ಪ್ರಯತ್ನವನ್ನೇ ಪಡಲಿಲ್ಲವೋ, ಎರಡಕ್ಕೂ ಅದೇ ಪದ. ನೋಟಿಸು ಬರೆಯುವವರಿಗೆ ಇದಕ್ಕಿಂತ ಅನುಕೂಲದ ಕ್ರಿಯಾಪದ ಸಿಗಲ್ಲ. ಕೊನೆಯಲ್ಲಿ 'ಫೇಲಿಂಗ್ ವಿಚ್' ಅಂತಲೂ ಇತ್ತು. ಮತ್ತೊಂದು ಫೇಲು ಅಂತ ನಾನು ಹೆದರಿದ್ದೆ. ಅದು ನಮ್ಮ ಸರ್ಕಾರಿ ಕಾಗದದಲ್ಲಿ ಬರುವ 'ತಪ್ಪಿದಲ್ಲಿ'. ತಪ್ಪಿದಲ್ಲಿ ಕಾನೂನು ಕ್ರಮ ಜರುಗಿಸಲಾಗುವುದು, ಆ ಜಾತಿಯದು.

ಕ್ಲಾಸಿನಲ್ಲಿ ಇದನ್ನು ಹೇಳೋಕೆ ನಾನು ಮಾರಿಕಣಿವೆಯನ್ನು ಕರೆದುಕೊಂಡು ಬರ್ತೀನಿ. ಅಲ್ಲಿನ ಡ್ಯಾಮು ವಾಣಿವಿಲಾಸ ಸಾಗರ, ನಮ್ಮ ಹಿರಿಯೂರಿನ ಹತ್ತಿರದ್ದು, ಕಟ್ಟಿ ಮುಗಿದದ್ದು 1907ರಲ್ಲಿ. ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಅದಾದ ಮೇಲೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. 'ದ ಡ್ಯಾಮ್ ಡಿಡ್ ನಾಟ್ ಓವರ್‌ಫ್ಲೋ' ಅಂದ್ರೆ ಅದು ಬರೀ ಲೆಕ್ಕ. 'ದ ಡ್ಯಾಮ್ ಫೇಲ್ಡ್ ಟು ಓವರ್‌ಫ್ಲೋ' ಅಂದ್ರೆ ಪ್ರತಿ ಮಳೆಗಾಲದಲ್ಲೂ ಹಿರಿಯೂರಿನ ಜನ ಹೋಗಿ ಗೇಜು ನೋಡಿಕೊಂಡು ಬರ್ತಿದ್ದದ್ದೂ ಅದರಲ್ಲಿ ಸೇರಿತು. 2022ರಲ್ಲಿ ಅಪ್ಪನಿಗೆ 78. ಹುಟ್ಟಿದಾಗಿನಿಂದ ಕೋಡಿ ನೋಡಿರಲಿಲ್ಲ. ಕರೆದುಕೊಂಡು ಹೋಗಿದ್ದೆ. ಜಾತ್ರೆಯಂಥ ಜನ. ಅಪ್ಪ ನೀರನ್ನು ನೋಡಿದ್ದಕ್ಕಿಂತ ಸೆಲ್ಫಿ ತೆಗೆಯುವವರನ್ನು ಬೈದದ್ದೇ ಜಾಸ್ತಿ.

ಇದರ ಉಲ್ಟಾ ಇನ್ನೊಂದು ಇದೆ. 'ನೆವರ್ ಫೇಲ್ಸ್ ಟು'. ಎರಡು ಇಲ್ಲ ಸೇರಿ ಒಂದು ಗಟ್ಟಿ ಹೌದು. ಕೆಳಗಿನ ಮಿರ್ಚಿ ವಾಸನೆ ನೆವರ್ ಫೇಲ್ಸ್ ಟು ಡಿಸ್ಟರ್ಬ್ ಅಸ್. ಈ ಉದಾಹರಣೆ ಕೊಟ್ಟ ಮೇಲೆ ಯಾರೂ ತಪ್ಪು ಬರೆದಿಲ್ಲ.

ಪದ ಒಂದೇ ಇದ್ದು ಅರ್ಥ ಬೇರೆಯಾದರೆ ಏನಾಗುತ್ತೆ ಅನ್ನೋದು ಪಕ್ಕದ ಮನೆಯಲ್ಲಿ ಗೊತ್ತಾಯ್ತು. ಅಲ್ಲಿನ ಅಜ್ಜಿ ಒಂದು ರಾತ್ರಿ ಡಿಸ್ಚಾರ್ಜ್ ಕಾಗದ ಹಿಡಿದುಕೊಂಡು ಅಳುತ್ತಾ ಬಂದರು. ಮೊಮ್ಮಗ ಓದಿ ಹೇಳಿದ್ದನಂತೆ, ತಾತನಿಗೆ 'ಹಾರ್ಟ್ ಫೇಲ್ಯೂರ್' ಅಂತ ಬರೆದಿದ್ದಾರೆ ಅಂತ. 'ಮನುಷ್ಯ ಕಟ್ಟೆ ಮೇಲೆ ಕೂತು ಕಾಫಿ ಕುಡೀತಾ ಅದಾರಪ್ಪ, ಇವರು ಹಾರ್ಟ್ ಫೇಲ್ ಅಂತ ಬರ್ದಾರಲ್ಲ!' ನಮ್ಮಲ್ಲಿ 'ಹಾರ್ಟ್ ಫೇಲಾಯ್ತು' ಅಂದರೆ ಆಸಾಮಿ ಹೋದ ಅಂತಲೇ ಅರ್ಥ. ಡಾಕ್ಟರ ಭಾಷೆಯಲ್ಲಿ ಹಾಗಲ್ಲ. ಹೃದಯ ರಕ್ತವನ್ನು ಮೊದಲಿನಷ್ಟು ಬಲವಾಗಿ ಪಂಪ್ ಮಾಡ್ತಿಲ್ಲ, ಸುಸ್ತು, ಏದುಸಿರು, ಕಾಲು ಊತ ಬರುತ್ತೆ ಅಂತ. ಗುಳಿಗೆ ತಗೊಂಡು, ಉಪ್ಪು ಕಮ್ಮಿ ಮಾಡಿ ವರ್ಷಗಟ್ಟಲೆ ಇರುವವರಿದ್ದಾರೆ. ನಿಂತು ಹೋಯ್ತು ಅಂತಲ್ಲ, ಕುಂದಿತು ಅಂತ. ಅಜ್ಜಿ ಕಣ್ಣೊರೆಸಿಕೊಂಡು ಹೋಗುವಾಗ 'ಹಂಗಾರೆ ಜಸ್ಟ್ ಪಾಸು ಅನ್ನು' ಅಂದರು. ನನ್ನ ವಿವರಣೆಗಿಂತ ಅದೇ ಚೆನ್ನಾಗಿತ್ತು.

ಈ ಪದದ ಮೂಲ ಲ್ಯಾಟಿನ್ನಿನಲ್ಲಿದೆ. ಅಲ್ಲಿ 'ಫಾಲ್ಲೆರೆ' ಅಂದರೆ ಮೋಸ ಮಾಡು. ಫ್ರೆಂಚ್ ದಾಟಿ ಇಂಗ್ಲಿಷಿಗೆ ಬರೋ ಹೊತ್ತಿಗೆ ಫೇಲ್ ಆಯ್ತು. ಸುಳ್ಳು ಅನ್ನೋ 'ಫಾಲ್ಸ್', ತಪ್ಪು ಅನ್ನೋ 'ಫಾಲ್ಟ್' ಇದರ ಒಡಹುಟ್ಟಿದವು. ಇದನ್ನು ಓದಿದ ದಿನ ನನಗೆ ಎಷ್ಟು ಖುಷಿಯಾಯ್ತು ಅಂದರೆ ಹೆಂಡತಿಯನ್ನು ಅಡುಗೆಮನೆಯಿಂದ ಕರೆದು ಹೇಳಿದೆ. ಅವಳು 'ಹ್ಞೂಂ' ಅಂದು ಒಗ್ಗರಣೆಗೆ ಹೋದಳು. ಖುಷಿ ಯಾಕೆ ಅಂದರೆ, ಕನ್ನಡದಲ್ಲೂ ಹಾಗೇ ಇದೆಯಲ್ಲ! ನಾವು 'ಕೈಕೊಟ್ಟ' ಅಂತೀವಿ. ಪಾಲುದಾರ ಕೈಕೊಟ್ಟ ಅಂದರೆ ಮೋಸ. ಗಾಡಿ ಕೈಕೊಡ್ತು ಅಂದರೆ ಕೆಟ್ಟು ನಿಂತಿತು. ಮಳೆ ಕೈಕೊಡ್ತು ಅಂದರೆ ಬರಲಿಲ್ಲ. ಒಂದೇ ಮಾತಿನಲ್ಲಿ ಮೋಸವೂ ಇದೆ, ಫೇಲೂ ಇದೆ. (ಕೈ ಹಿಡಿದರೆ ಕಾಪಾಡಿದ, ಕೈ ಕೊಟ್ಟರೆ ಮುಳುಗಿಸಿದ. ಹೊರಗಿನವರಿಗೆ ಕನ್ನಡ ಕಲಿಸುವವರ ಕಷ್ಟ ನನಗೆ ಬೇಡ.) ಇನ್ನು 'ತಪ್ಪು' ನೋಡಿ. ನಾಮಪದವಾದರೆ ಫಾಲ್ಟ್. ಕ್ರಿಯಾಪದವಾದರೆ ಗುರಿ ತಪ್ಪಿತು, ಮಾತು ತಪ್ಪಿದ, ತಪ್ಪದೆ ಬನ್ನಿ. ಆ ಹಿಂದಿನ ಬೆಂಚಿನವನಿಗೆ ಮಾರನೇ ದಿನ ಇದನ್ನೆಲ್ಲ ಹೇಳೋಣ ಅಂತ ಹೋದರೆ, ಅವನು ಕ್ಲಾಸಿಗೇ ಬಂದಿರಲಿಲ್ಲ. ಹಿ ಫೇಲ್ಡ್ ಟು ಟರ್ನ್ ಅಪ್.

ಈ ಮೋಸದ ಅರ್ಥ ಇಂಗ್ಲಿಷಿನಲ್ಲಿ ಇನ್ನೂ ಉಸಿರಾಡ್ತಿದೆ. ಫೇಲ್ ಆದ ಮೇಲೆ ನೇರವಾಗಿ ಒಬ್ಬ ಮನುಷ್ಯನನ್ನು ತಂದು ಕೂರಿಸಿದರೆ ಅದು ಕಾಣುತ್ತೆ. 'ಹಿಸ್ ಕರೇಜ್ ಫೇಲ್ಡ್ ಹಿಮ್', ಧೈರ್ಯ ಕೈಕೊಟ್ಟಿತು. 'ವರ್ಡ್ಸ್ ಫೇಲ್ ಮಿ', ಮಾತೇ ಹೊರಡ್ತಿಲ್ಲ. ಮೇಷ್ಟ್ರ ವಿಷಯದಲ್ಲಿ ಮಾತ್ರ ಇದು ಸ್ವಲ್ಪ ಅಪಾಯ. 'ಮೈ ಟೀಚರ್ ಫೇಲ್ಡ್ ಮಿ' ಅಂದರೆ ನನಗೆ ಕಮ್ಮಿ ನಂಬರ್ ಹಾಕಿ ಫೇಲ್ ಮಾಡಿದರು ಅಂತಲೂ ಆಗುತ್ತೆ, ಬೇಕಾದಾಗ ನನ್ನ ಕೈಬಿಟ್ಟರು ಅಂತಲೂ ಆಗುತ್ತೆ. ನನ್ನ 28ರ ಬಗ್ಗೆ ಯೋಚಿಸುವಾಗ ನನಗೆ ಎರಡೂ ಅನ್ನಿಸಿದ್ದಿದೆ. ಈಗ ನನ್ನ ಹುಡುಗರಿಗೂ ಅನ್ನಿಸುತ್ತಿರಬಹುದು.

ಕಳೆದ ವಾರ 25 ನಂಬರಿನ ಟೆಸ್ಟ್ ಕೊಟ್ಟಿದ್ದೆ. ಫೇಲ್ ಪದವನ್ನು ಸ್ವಂತ ವಾಕ್ಯದಲ್ಲಿ ಬಳಸಿ, ಒಂದು ನಂಬರು. ಹೆಚ್ಚಿನವರು 'ರಾಮು ಫೇಲ್ಡ್ ದ ಎಕ್ಸಾಮ್' ಬರೆದರು. ರಾಮು ಪಾಪ, ಪ್ರತಿ ವರ್ಷವೂ ನನ್ನ ಟ್ಯೂಷನ್ನಿನಲ್ಲಿ ಫೇಲಾಗ್ತಾನೆ. ಜಗಳೂರು ಕಡೆಯ ಒಬ್ಬಳು ಹುಡುಗಿ ಇದ್ದಾಳೆ, ದಿನಾ ಬಸ್ಸಿನಲ್ಲಿ ಬರ್ತಾಳೆ, ಬಾಯಿ ಬಿಡೋದೇ ಇಲ್ಲ. ಅವಳು ಬರೆದಿದ್ದಳು: 'ದ ರೇನ್ ಫೇಲ್ಡ್ ಮೈ ಫಾದರ್.'

ರೂಢಿಯಲ್ಲಿ ಕೆಂಪು ಗೆರೆ ಹೊಡೆದೆ. ಮಳೆ ಅಪ್ಪನನ್ನು ಫೇಲ್ ಮಾಡಿತು, ಕನ್ನಡದಲ್ಲಿ ಯೋಚಿಸಿ ಬರೆದಿದ್ದಾಳೆ ಅಂದುಕೊಂಡೆ. ಮುಂದಿನ ಪೇಪರ್ ತೆಗೆದೆ. ಮತ್ತೆ ಹಿಂದಕ್ಕೆ ಬಂದೆ. 'ದ ರೇನ್ಸ್ ಫೇಲ್ಡ್' ಅಂತಲೇ ಇಂಗ್ಲಿಷಿನವರು ಮಾಮೂಲಿಯಾಗಿ ಬರೀತಾರೆ. ಕರೇಜ್ ಫೇಲ್ಡ್ ಹಿಮ್ ಅಂತ ನಾನೇ ಬೋರ್ಡಿನಲ್ಲಿ ಬರೆದಿದ್ದೆ. ಕರ್ತೃವಿನ ಜಾಗದಲ್ಲಿ ಮಳೆ ಕೂತಿದೆ, ಅಪ್ಪ ಕರ್ಮದ ಜಾಗದಲ್ಲಿದ್ದಾನೆ. ತಪ್ಪೆಲ್ಲಿದೆ? ಬ್ಯಾಂಕಿನ ನೋಟಿಸಿನವರು ಕರ್ತೃವಿನ ಜಾಗದಲ್ಲಿ ನಮ್ಮಪ್ಪನನ್ನು ಕೂರಿಸಿದ್ದರು. ಎಣ್ಣೆ ಕಾದ ವಾಸನೆ ಬರ್ತಿತ್ತು. ನಾನು ಆ ಪೇಪರ್ ಹಿಡಿದುಕೊಂಡು ಸುಮ್ನೆ ಕೂತಿದ್ದೆ.

ಗೆರೆಯ ಪಕ್ಕದಲ್ಲಿ ಅರ್ಧ ನಂಬರ್ ಹಾಕಿದೆ. ಮೇಷ್ಟ್ರ ಜಂಬ, ಪೂರ್ತಿ ಬಿಟ್ಟುಕೊಡೋಕೆ ಆಗಲ್ಲ ನೋಡಿ.

ಮಾರನೇ ದಿನ ಎಲ್ಲರೂ ಹೋದ ಮೇಲೆ ಅವಳು ಮೇಜಿನ ಹತ್ತಿರ ಬಂದು ನಿಂತಳು. ಮೊದಲ ಸಲ ಅವಳ ದನಿ ಕೇಳಿದ್ದು.

'ಸರ್, ಇದು ತಪ್ಪಾ?'

'ಇಲ್ಲಮ್ಮ.'

'ಮತ್ತೆ ಇನ್ನರ್ಧ ಯಾಕೆ ಹಾಕಿಲ್ರೀ?'

ಪೆನ್ನು ತೆಗೆದೆ. 'ನಿಮ್ಮಪ್ಪ ಏನು ಹಾಕಿದ್ರು ಈ ಸಲ?' ಅಂದೆ.

'ಮೆಕ್ಕೆಜೋಳ ರೀ. ತೆನೆ ಕಟ್ಟೋ ಹೊತ್ತಿಗೆ ಹೋತು.' ಅಂದು ಬ್ಯಾಗು ಹೆಗಲಿಗೆ ಹಾಕಿಕೊಂಡಳು. 'ಬೇಗ ಹಾಕ್ರಿ ಸರ್, ಬಸ್ ತಪ್ಪುತ್ತೆ.'