ಜೇಬಿನಲ್ಲಿ ಬಂದ ವಜ್ರ

ರಾತ್ರಿ ಊಟವಾದ ಮೇಲೆ 621 ಗ್ರಾಂ ಅಕ್ಕಿ ತೂಗಿ, ಬಟ್ಟೆಯಲ್ಲಿ ಗಂಟು ಕಟ್ಟಿ ಅಂಗೈ ಮೇಲಿಟ್ಟುಕೊಂಡೆ. 1905ರಲ್ಲಿ ದಕ್ಷಿಣ ಆಫ್ರಿಕಾದ ಪ್ರೀಮಿಯರ್ ಗಣಿಯಲ್ಲಿ ಸಿಕ್ಕ ಕಲ್ಲಿನನ್ ವಜ್ರದ ತೂಕ ಇಷ್ಟು. 3,106 ಕ್ಯಾರೆಟ್! ಕೈ ನಿಜಕ್ಕೂ ಜಗ್ಗುತ್ತದೆ.

ಬ್ರಿಟಿಷ್ ರಾಜನ ಕೈಸೇರಿದ್ದ ಅದನ್ನು ಸೀಳುವ ಹೊಣೆ ಬಿದ್ದದ್ದು ಆಮ್‌ಸ್ಟರ್‌ಡ್ಯಾಮಿನಲ್ಲಿ ವಜ್ರ ಕತ್ತರಿಸುತ್ತಿದ್ದ ಆಷರ್ ಮನೆತನಕ್ಕೆ. ಬ್ರಿಟಿಷ್ ನೌಕಾಪಡೆಯ ಹಡಗು ಭಾರೀ ಕಾವಲಿನಲ್ಲಿ ಖಾಲಿ ಪೆಟ್ಟಿಗೆ ಹೊತ್ತು ಹೊರಟರೆ, ಅಬ್ರಹಾಂ ಆಷರ್ ವಜ್ರವನ್ನು ಕೋಟಿನ ಜೇಬಿಗೆ ಹಾಕಿಕೊಂಡು ಲಂಡನ್ನಿನಿಂದ ರೈಲು, ಹಡಗು ಹತ್ತಿ ಊರಿಗೆ ಬಂದರಂತೆ. ದಾರಿಯುದ್ದಕ್ಕೂ ಆ ಜೇಬಿನ ಮೇಲೆ ಕೈ ಇಟ್ಟುಕೊಂಡೇ ಇದ್ದಿರಬೇಕು, ಪಾಪ.

1908ರ ಫೆಬ್ರವರಿಯಲ್ಲಿ ಜೋಸೆಫ್ ಆಷರ್ ಕಲ್ಲಿನಲ್ಲಿ ಸಣ್ಣ ಕಚ್ಚು ಮಾಡಿ, ಉಕ್ಕಿನ ಅಲಗು ಇಟ್ಟು ಹೊಡೆದರು. ಮುರಿದದ್ದು ಅಲಗು! ಇನ್ನೊಂದು ಅಲಗಿಟ್ಟು ಹೊಡೆದಾಗ ಕಲ್ಲು ಅಂದುಕೊಂಡ ಕಡೆಯೇ ಸೀಳಿತು. ಆಮೇಲೆ ತಿಂಗಳುಗಟ್ಟಲೆ ಸಾಣೆ. ಕೊನೆಗೆ 9 ದೊಡ್ಡ ಹರಳು, 96 ಚಿಕ್ಕವು. ಎಲ್ಲಕ್ಕಿಂತ ದೊಡ್ಡದು 530 ಕ್ಯಾರೆಟ್, ಒಂದಿಷ್ಟೂ ಬಣ್ಣವಿಲ್ಲದ ತಿಳಿನೀರಿನಂಥ ಹರಳು. ಬ್ರಿಟಿಷ್ ರಾಜದಂಡದಲ್ಲಿ ಕೂತು ಈಗಲೂ ಲಂಡನ್ ಟವರಿನಲ್ಲಿದೆ.

ಎಲ್ಲರೂ ಹೇಳುವ ಕಥೆ ಇಲ್ಲಿಗೆ ಮುಗಿಯುತ್ತದೆ. ನನಗೆ ನಿದ್ದೆ ಬಾರದಂತೆ ಮಾಡಿದ್ದು ಅದರ ಮುಂದಿನದು. ಆಷರ್‌ಗಳು ಯಹೂದಿಗಳು. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಆ ಮನೆತನದವರನ್ನೂ ಅವರ ಸಾಣೆಗಾರರನ್ನೂ ಹಿಡಿದೊಯ್ದರು. ಅಬ್ರಹಾಂ ಬೆರ್ಗೆನ್-ಬೆಲ್ಸೆನ್ ಶಿಬಿರದಿಂದ ಬದುಕಿ ಬಂದರು. ಆ ಕೆಲಸಗಾರರಲ್ಲಿ ಬಹುಪಾಲು ಜನ ಬರಲೇ ಇಲ್ಲ. ಒಂದು ಕಲ್ಲನ್ನು ತಿಂಗಳುಗಟ್ಟಲೆ ಅಷ್ಟು ಜೋಪಾನವಾಗಿ ಹಿಡಿದ ಊರಿನ ಕೈಗಳವು.

ಟೋಲ್‌ಸ್ಟ್ರಾಟ್ ಬೀದಿಯಲ್ಲಿ ಅವರ ಕಾರ್ಖಾನೆಯ ಇಟ್ಟಿಗೆ ಕಟ್ಟಡ ಇನ್ನೂ ನಿಂತಿದೆ. ಅಕ್ಕಿಯ ಗಂಟು ಇನ್ನೂ ಮೇಜಿನ ಮೇಲೇ ಇದೆ, ಬಿಚ್ಚಿಲ್ಲ.