ಮೈಗೆ ಹತ್ತೋದು ಆ ಕಡೆನೇ

ತಂಗಿಯ ಕುಬಸಕ್ಕೆ, ಅಂದರೆ ಸೀಮಂತಕ್ಕೆ, ಉಡಬೇಕು ಅಂತ ಅಮ್ಮ ತನ್ನ ಹಸಿರು ಇಳಕಲ್ ಸೀರೆಯನ್ನು ಟ್ರಂಕಿನಿಂದ ತೆಗೆದು ಬಿಸಿಲಿಗೆ ಹರವಿದ್ದಳು. ಸಂಜೆ ತೆಗೆಯುವಾಗ ನಾನು ಅವಸರ ಮಾಡಿದೆ. ಗೇಟಿನ ತಂತಿಗೆ ಸಿಕ್ಕಿದ್ದು ನೋಡದೆ ಜಗ್ಗಿಬಿಟ್ಟೆ. ಪರ್ ಅಂತ ಸದ್ದಾಯಿತು. ಸೆರಗಿಗಿಂತ ಎರಡು ಬೆರಳು ಹಿಂದೆ, ಒಡಲಿನಲ್ಲಿ, ಹೆಬ್ಬೆರಳು ತೂರುವಷ್ಟು ತೂತು.

ಅಮ್ಮ ಬೈಯಲಿಲ್ಲ. ತೂತಿನ ಮೇಲೆ ಅಂಗೈ ಇಟ್ಟುಕೊಂಡು ಸುಮ್ನೆ ಕೂತಳು. ನಾನು ಹೊಟ್ಟೆಯಲ್ಲಿದ್ದಾಗ ಅವಳ ಕುಬಸಕ್ಕೆ ಅಜ್ಜಿ ತಂದ ಸೀರೆ ಅದು. ನನಗೀಗ 43.

ತಮ್ಮ ಫೋನಿನಲ್ಲಿ, "ಹೊಸದು ತಗೊಂಡ್ರಾಯ್ತು ಬಿಡಕ್ಕ, ಇಳಕಲ್ಲೇನು ದೂರ ಐತೇನು?" ಅಂದ. ಅವನು ಒಳ್ಳೆಯವನೇ. ಆದರೆ ದುಡ್ಡು ಕೊಟ್ಟರೆ ಎಲ್ಲದೂ ಸರಿಹೋಗುತ್ತೆ ಅನ್ನುವ ಅವನ ಮಾತು ನನಗೆ ಮೊದಲಿನಿಂದಲೂ ಸೇರುವುದಿಲ್ಲ.

ಗಾಬರಿಯಲ್ಲಿ ಮನೆ ಹತ್ತಿರದ ಟೇಲರ್ ಕಡೆ ಮಷಿನ್ ಹೊಲಿಗೆ ಹಾಕಿಸಿದೆ. ಸುತ್ತಲಿನ ಬಟ್ಟೆಯೆಲ್ಲ ಸುಕ್ಕುಗಟ್ಟಿತು. "ನಿರಿಗೆಯೊಳಗೆ ಮುಚ್ಚಿಕೊಳ್ರಿ, ಕಾಣಂಗಿಲ್ಲ" ಅಂದ ಅವನು. ಮಾರನೇ ದಿನ ನನ್ನ ಶಾಲೆಯ ಟೀಚರ್ ಒಬ್ಬರು, ಹರಿದ ಬಟ್ಟೆಯನ್ನು ಗುರುತು ಕಾಣದಂತೆ ಸರಿಮಾಡುವ ರಫೂ ಚಾಚಾನ ವಿಷಯ ಹೇಳಿದರು. ನಮ್ಮ ರಾಯಚೂರಿನ ತೀನ್ ಕಂದೀಲ್ ಹತ್ತಿರದ ಗಲ್ಲಿ, ಒಂದು ಕಟ್ಟೆ, ಒಬ್ಬರೇ ಕೂರುವಷ್ಟು ಜಾಗ.

ಚಾಚಾ ಸೀರೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಯಾರ್ ಮಾಡಿದ್ರಿ ಇದು?" ಅಂದರು, ಉತ್ತರಕ್ಕೆ ಕಾಯಲಿಲ್ಲ. ಸೂಜಿಯ ತುದಿಯಿಂದ ಆ ಮಷಿನ್ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದರು. ಬ್ಲೇಡ್ ಪಕ್ಕದಲ್ಲೇ ಇತ್ತು, ಮುಟ್ಟಲಿಲ್ಲ. ಅದೊಂದಕ್ಕೇ ಅರ್ಧ ತಾಸು ಹಿಡಿಯಿತು.

ದಾರ ಎಲ್ಲಿಂದ ತರುತ್ತೀರಿ ಅಂತ ಕೇಳಿದೆ. ಸೀರೆಯ ಒಳತುದಿ, ಸೊಂಟಕ್ಕೆ ಸಿಕ್ಕಿಸುವ ಕಡೆಯದು, ಅದನ್ನು ತೋರಿಸಿದರು. "ಅಂಗಡಿ ದಾರ ನಡಿಯಂಗಿಲ್ರಿ. ಇದು ಇಷ್ಟು ವರ್ಷ ಬಿಸಿಲು, ನೀರು ಕಂಡ ಬಣ್ಣ. ಇದರ ಜೋಡಿ ಇದರಾಗೇ ಸಿಗಬೇಕು." ನನ್ನನ್ನು ಕೇಳಿ ಅಲ್ಲಿಂದ ನಾಲ್ಕು ಬೆರಳು ಅಗಲದ ಪಟ್ಟಿ ಕತ್ತರಿಸಿ, ಎಳೆ ಬಿಡಿಸಿಕೊಂಡರು. ಹಾಸಿನ ಎಳೆ ಒಂದು ಕಡೆ, ಹೊಕ್ಕಿನ ಎಳೆ ಒಂದು ಕಡೆ. ಮೊದಲು ತೂತಿನ ಉದ್ದಕ್ಕೆ ಹಾಸು ತುಂಬಿದರು. ಆಮೇಲೆ ಅಡ್ಡಕ್ಕೆ ಹೊಕ್ಕು, ಒಂದು ಎಳೆಯ ಮೇಲೆ, ಒಂದು ಎಳೆಯ ಕೆಳಗೆ. ಹೊಲಿಗೆ ಅಲ್ಲ ಅದು, ಸೂಜಿಯಲ್ಲಿ ನೇಯುವುದು. ಹಾಸುಹೊಕ್ಕು ಅನ್ನುವ ಪದವನ್ನು ಮಕ್ಕಳಿಗೆ ಎಷ್ಟು ಸಲ ಬರೆಸಿದ್ದೇನೋ. ಅದು ಕಣ್ಣೆದುರಿಗೆ ನಡೆಯುವುದನ್ನು ನೋಡಿದ್ದು ಮೊನ್ನೆಯೇ.

ಮೇ ತಿಂಗಳ ರಾಯಚೂರು ಹೇಗಿರುತ್ತದೆ ಅಂತ ಬೇರೆ ಹೇಳಬೇಕಾ? ಆ ಸೆಕೆಯಲ್ಲಿ ಚಾಚಾ ಫ್ಯಾನ್ ಬಂದ್ ಮಾಡಿದ್ದರು. ಗಾಳಿಗೆ ಎಳೆ ಹಾರುತ್ತವೆ. ಹಣೆಯ ಬೆವರು ಸೀರೆ ಮೇಲೆ ಬೀಳಬಾರದು ಅಂತ ತಲೆಗೆ ಟವೆಲ್ ಬಿಗಿದುಕೊಂಡಿದ್ದರು.

ಒಂದು ಮಾತು ಅವರಾಗಿಯೇ ಹೇಳಿದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಹತ್ತಿ, ಸೆರಗಿನ ಹಾಸು ರೇಷ್ಮೆ. ಎರಡನ್ನೂ ಎಳೆ ಎಳೆಯಾಗಿ ಕುಣಿಕೆ ಹಾಕಿ ಕೂಡಿಸಿರುತ್ತಾರೆ, ಅದೇ ಕೊಂಡಿ. ಆ ಜಾಗದ ಮೇಲೆ ಬೆರಳಾಡಿಸಿ, "ಎರಡು ಬಟ್ಟು ಈ ಕಡೆ ಹರಿದಿದ್ರ ನನ್ನ ಕೈಲಿ ಆಗ್ತಿದ್ದಿಲ್ರಿ. ಕೊಂಡಿ ಹಾಕಿದೋರ ಕೈನೇ ಬ್ಯಾರೆ" ಅಂದರು. ಯಾವ ಊರಿನ ಯಾವ ಮಗ್ಗದವರೋ, ಮುಖ ಕಂಡವರಲ್ಲ. ಆದರೂ ಅವರ ಕೆಲಸದ ಮುಂದೆ ದನಿ ತಗ್ಗಿತ್ತು.

ಎರಡನೇ ದಿನ ಸಂಜೆ ಹೋದಾಗ ಮುಗಿದಿತ್ತು. ನನ್ನ ಕಣ್ಣಿಗೆ ಯಾವ ಕೊರತೆಯೂ ಕಾಣಲಿಲ್ಲ. ಪರ್ಸ್ ತೆಗೆದೆ. ಚಾಚಾ ಸೀರೆ ತಿರುವಿ ಹಾಕಿ ಕಣ್ಣು ಮುಚ್ಚಿದರು. ರಫೂ ಮಾಡಿದ ಜಾಗದ ಹಿಂಬದಿಯಲ್ಲಿ ಹೆಬ್ಬೆರಳು ಸರಿಸಿದರು. ಬೆರಳು ಒಂದು ಕಡೆ ನಿಂತಿತು. ಮತ್ತೆ ಸೂಜಿ ತಗೊಂಡು ಆ ಅಂಚಿನ ಏಳೆಂಟು ಎಳೆ ಬಿಚ್ಚಿಬಿಟ್ಟರು.

"ಇರ್ಲಿ ಬಿಡ್ರಿ ಚಾಚಾ. ಹಿಂದಿನ ಕಡೆ ಯಾರ್ ನೋಡ್ತಾರ?" ಅಂದೆ.

ತಲೆ ಎತ್ತಲಿಲ್ಲ. "ನೋಡಂಗಿಲ್ಲ, ಖರೇ. ಆದ್ರ ಮೈಗೆ ಹತ್ತೋದು ಆ ಕಡೆನೇ ಅಲ್ಲೇನ್ರಮ್ಮ?"

ಅಷ್ಟೇ. ಮತ್ತೆ ಒಂದೂವರೆ ತಾಸು ಕೂತರು. ನಾನೂ ಕೂತೆ.

ಮೊದಲ ದಿನ ಹೇಳಿದ್ದು 300 ರೂಪಾಯಿ, ತಗೊಂಡಿದ್ದೂ 300. ಮನೆಗೆ ಬಂದು ಲೆಕ್ಕ ಹಾಕಿದೆ. ಎರಡೂ ದಿನ ಸೇರಿ ಹತ್ತು ತಾಸಿಗೆ ಕಡಿಮೆ ಇಲ್ಲ. ತಾಸಿಗೆ 30 ರೂಪಾಯಿ ಬಿತ್ತು. ನನಗೆ ನಿಜಕ್ಕೂ ಸಂಕಟವಾಯಿತು. ಇಂಥ ಕೈಗೆ ನಾವು ಕೊಡುವ ಬೆಲೆ ಇಷ್ಟೇನಾ? ಜಾಸ್ತಿ ಕೇಳಿದ್ದರೆ ನಾನೇ ಚೌಕಾಸಿ ಮಾಡುತ್ತಿದ್ದೆನೋ ಏನೋ.

ಪ್ರತಿ ವರ್ಷ ಮಕ್ಕಳನ್ನು ಬಸ್ ನಿಲ್ದಾಣದ ಹತ್ತಿರ ಕೋಟೆಯ ಗೋಡೆಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ 41 ಅಡಿ ಉದ್ದದ ಒಂದೇ ಕಲ್ಲಿನ ಮೇಲೆ 1294ರ ಶಾಸನ ಇದೆ. ಕೋಟೆ ಕಟ್ಟಿಸಿದ ಗೋರೆ ಗಂಗಯ್ಯ ರೆಡ್ಡಿಯ ಹೆಸರು ಅದರಲ್ಲಿದೆ. ಆದರೆ ನನಗೆ ಇಷ್ಟ ಪಕ್ಕದ ಚಿತ್ರ. ಆ ದೊಡ್ಡ ಕಲ್ಲನ್ನು ಗಾಡಿ ಮೇಲೆ ಹೇರಿ ಎಳೆದು ತಂದದ್ದನ್ನು ಗೋಡೆಯ ಮೇಲೇ ಕೊರೆದಿದ್ದಾರೆ. ಎಳೆಯುವ ಕೋಣಗಳು, ಜೊತೆಗೆ ದುಡಿಯುವ ಜನ. ಅವರ ಹೆಸರಿಲ್ಲ, ಕೆಲಸ ಉಳಿದಿದೆ. ಚಾಚಾನ ಕೆಲಸಕ್ಕೆ ಅಷ್ಟೂ ಇಲ್ಲ. ಅದು ಚೆನ್ನಾಗಿ ಆದಷ್ಟೂ ಕಾಣುವುದೇ ಇಲ್ಲ.

ಯಾರು ನೋಡ್ತಾರೆ ಅನ್ನುವುದು ನನ್ನ ಬಾಯಿಗೆ ಎಷ್ಟು ಸಲೀಸಾಗಿ ಬಂತಲ್ಲ, ಅದೇ ಕೊರೆಯುತ್ತಿದೆ. ರಜೆಯಲ್ಲಿ ತಿದ್ದಲು ತಂದ ನೋಟುಪುಸ್ತಕಗಳ ರಾಶಿ ಮೇಜಿನ ಮೇಲಿತ್ತು. ಪುಟದ ಕೊನೆಗೆ ಒಂದು ಕೆಂಪು ಗೀಟು, ಮುಂದಿನ ಪುಟ, ಮತ್ತೊಂದು ಗೀಟು. ಆ ರಾತ್ರಿ ಒಂದು ಪುಸ್ತಕ ಎತ್ತಿಕೊಂಡೆ. ಒಂಬತ್ತನೇ ಕ್ಲಾಸಿನ ಹುಡುಗಿಯದು. ನಾನು ಗೀಟು ಹಾಕಿ ದಾಟಿದ ಕಡೆ ತನ್ನ ಅಪ್ಪ ಹತ್ತಿ ಬಿಡಿಸಲು ಹೋಗುವುದರ ಬಗ್ಗೆ ಎರಡು ಪುಟ ಬರೆದಿದ್ದಾಳೆ. ಚೆಂದ ಬರೆದಿದ್ದಾಳೆ. ನಾನು ಓದಿಯೇ ಇರಲಿಲ್ಲ. ಕೂತು ಓದಿದೆ, ಪಕ್ಕದಲ್ಲಿ ನಾಲ್ಕು ಸಾಲು ಬರೆದೆ. ಹನ್ನೊಂದು ಪುಸ್ತಕ ಮುಗಿಯುವಷ್ಟರಲ್ಲಿ ರಾತ್ರಿ ಒಂದು ಗಂಟೆಯಾಗಿತ್ತು.

ಭಾನುವಾರ ಕುಬಸ ಆಯಿತು. ಅಮ್ಮ ಅದೇ ಸೀರೆ ಉಟ್ಟಳು. ಉಡುವ ಮೊದಲು ಸೆರಗಿನ ಹತ್ತಿರ ಒಳಗೆ ಕೈಹಾಕಿ ಸವರಿ ನೋಡಿದಳು, ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ.

ಸೀರೆ ಕೊಡುವಾಗ ಚಾಚಾ ಒಂದು ಮಾತು ಹೇಳಿದ್ದರು. ಎಳೆ ತಿರುಗುವಲ್ಲೆಲ್ಲ ಕೂದಲಿನಷ್ಟು ಕುಣಿಕೆ ಬಿಟ್ಟಿದ್ದಾರಂತೆ. ಒಗೆದಾಗ ದಾರ ಜಗ್ಗಿಕೊಳ್ಳುತ್ತದೆ, ಅಷ್ಟು ಸಡಿಲ ಇರದಿದ್ದರೆ ಬಟ್ಟೆ ಸುಕ್ಕಾಗುತ್ತದೆ. "ಒಂದ್ ಸಲ ಒಗದ ಮ್ಯಾಲ ತಂದು ತೋರಸ್ರಿ. ರೊಕ್ಕ ಬ್ಯಾಡ, ಸುಮ್ನೆ ನೋಡ್ಬೇಕು."

ನಿನ್ನೆ ಅಮ್ಮ ಅಂಟುವಾಳದ ನೀರಿನಲ್ಲಿ ತಾನೇ ಒಗೆದಳು. ನೆರಳಲ್ಲಿ ಒಣಗಿದೆ. ಈ ಸಲ ಮೆಲ್ಲಗೆ ಮಡಚಿಟ್ಟಿದ್ದೇನೆ. ನಾಳೆ ಬೆಳಗ್ಗೆ ಬಿಸಿಲೇರುವ ಮೊದಲು ತಗೊಂಡು ಹೋಗಬೇಕು.